ಬ್ರೇಕಿನ ಮೇಲಿನ ಕಾಲು

"ಬಂದವರಿಗೆ ಒಂದು ಲೋಟ ಟೀ ಕೊಡೋಕಾಗದ ಮನೆ ಇದು. ಇನ್ಮೇಲೆ ಬರ್ಬೇಡಿ," ಎಂದು ಕ್ಯಾಂಟೀನಮ್ಮ ಮುಖ ತಿರುಗಿಸಿ ಕೂತರು.

ಎದುರಿಗೆ ಮೇಡಂ ಕೂತಿದ್ದರು. ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಈಗಲೂ ಮೇಡಂ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಕೂತು ಜಡ್ಡುಗಟ್ಟುವ ಬದಲು, ಒಂಟಿಯಾಗಿರುವ ಹಿರಿಯರನ್ನು ಮಾತನಾಡಿಸಿ ಬರುವ ಸಂಸ್ಥೆಯೊಂದನ್ನು ಸೇರಿದ್ದರು. ಕೊರಳಲ್ಲಿ ಸಂಸ್ಥೆಯ ಕಾರ್ಡು, ತಲೆಯಲ್ಲಿ ಸಂಸ್ಥೆಯ ನಿಯಮ: ಹೋದ ಮನೆಯಲ್ಲಿ ಏನನ್ನೂ, ಟೀಯನ್ನೂ ಸಹ, ತೆಗೆದುಕೊಳ್ಳಬಾರದು; ಆ ಮನೆಯ ವಿಷಯದಲ್ಲಿ ಮೂಗು ತೂರಿಸಬಾರದು.

"ನಾವು ಟೀ ಕುಡಿಯೋ ಹಾಗಿಲ್ಲಮ್ಮ. ನಿಯಮ."

"ಒಳ್ಳೇದಾಯ್ತು ಬಿಡಿ. ನಾನು ಕಾಸೋ ಹಾಗಿಲ್ಲ, ನೀವು ಕುಡಿಯೋ ಹಾಗಿಲ್ಲ. ಇಬ್ರೂ ಗೋಡೆ ನೋಡ್ಕೊಂಡು ಕೂರೋಣ."

ಕ್ಯಾಂಟೀನಮ್ಮನದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ದಿನಕ್ಕೆ ನೂರಾರು ಜನಕ್ಕೆ ಬೇಯಿಸಿ ಹಾಕಿದ ಕೈ. ಆದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ ನೋಟದ ಅಂಚುಗಳನ್ನು ತಿಂದುಹಾಕಿತ್ತು. ಕೊಳವೆಯೊಳಗಿಂದ ನೋಡಿದಂತೆ ನೇರಕ್ಕೆ ಇದ್ದದ್ದು ಮಾತ್ರ ಕಾಣುತ್ತಿತ್ತು. ಒಂದು ದಿನ ಒಲೆಯ ಪಕ್ಕದ ಮಸಿಬಟ್ಟೆಗೆ ಬೆಂಕಿ ಹತ್ತಿತು. ಮೇಲಿನ ಮಹಡಿಯಲ್ಲಿದ್ದ ಮಗ ಓಡಿ ಬಂದು ಆರಿಸಿದ. ಮರುದಿನವೇ ಸಿಲಿಂಡರಿನ ರೆಗ್ಯುಲೇಟರ್ ಕಳಚಿ ತನ್ನ ಬೀರುವಿನಲ್ಲಿಟ್ಟ. ಅಲ್ಲಿಂದಾಚೆಗೆ ಊಟ ಕ್ಯಾರಿಯರಿನಲ್ಲಿ ಮೆಟ್ಟಿಲಿಳಿದು ಬರುತ್ತಿತ್ತು. ಸಂಜೆ ಟೀ ನೆಪದಲ್ಲಿ ಬಂದು ಹರಟುತ್ತಿದ್ದ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಮಗ ಕೆಟ್ಟವನಲ್ಲ, ಹೆದರಿದವನು.

ಮೇಡಂ ತಮ್ಮ ಮನೆಗೆ ಬಂದು, ಕೇಳಿದ್ದನ್ನೇ ಯೋಚಿಸಿದರು. ಬಟ್ಟೆ ಸುಟ್ಟದ್ದು ಆಕೆ ಮೈಮರೆತದ್ದರಿಂದಲ್ಲ, ಪಕ್ಕಕ್ಕೆ ನೋಡದೆ ಇದ್ದುದರಿಂದ. ಪಕ್ಕಕ್ಕೆ ನೋಡದೆ ಗಾಡಿ ಹೊರಡಿಸುವವರನ್ನು ತಾವು ಕಡಿಮೆ ಕಂಡಿದ್ದರೇ? ಅವರ ಕೀಲಿಕೈಯನ್ನು ಕಿತ್ತುಕೊಂಡಿರಲಿಲ್ಲ, ಕತ್ತು ತಿರುಗಿಸುವುದನ್ನು ಕಲಿಸಿದ್ದರು.

ಮುಂದಿನ ಮಂಗಳವಾರ ಅವರು ತಮ್ಮ ಅಡುಗೆಮನೆಯ ರೆಗ್ಯುಲೇಟರನ್ನೇ ಕಳಚಿ, ಟವೆಲಿನಲ್ಲಿ ಸುತ್ತಿ, ಚೀಲದಲ್ಲಿ ಹಾಕಿಕೊಂಡು ಹೋದರು.

ಕ್ಯಾಂಟೀನಮ್ಮ ಅದನ್ನು ತಡವಿ ನೋಡಿ ಬಾಯಿ ಬಿಟ್ಟರು. "ಅಯ್ಯೋ, ನಿಯಮದ ಮೇಡಂ ಕಳ್ಳಸಾಗಣೆಗೆ ಇಳಿದ್ರಾ?"

"ಮೆತ್ತಗೆ ಮಾತಾಡಿ. ಹೇಳಿ, ಒಲೆ ಹಚ್ಚೋ ಮುಂಚೆ ಏನು ಮಾಡ್ಬೇಕು?"

"ಕಡ್ಡಿ ಗೀರ್ಬೇಕು."

"ಎಡಗಡೆ ನೋಡ್ಬೇಕು. ಬಲಗಡೆ ನೋಡ್ಬೇಕು. ನಿಮ್ಮ ತೋಳು ನೋಡ್ಕೋಬೇಕು. ಬಾಯಲ್ಲಿ ಹೇಳಿದ್ರೆ ಸಾಲದು, ಕತ್ತು ತಿರುಗ್ಬೇಕು."

"ಈ ವಯಸ್ಸಲ್ಲಿ ಗೂಬೆ ಥರ ತಿರುಗಿಸು ಅಂದ್ರೆ ಕತ್ತು ಕಳಚಿ ಕೈಗೆ ಬರತ್ತೆ ರೀ!"

ಆದರೂ ತಿರುಗಿಸಿದರು. ವಾರ ವಾರವೂ ಅದೇ ಪಾಠ. ಮೇಡಂ ಕಲಿಸುತ್ತಿದ್ದ ಕಾರಿನಲ್ಲಿ ಅವರ ಕಾಲಡಿಯೂ ಒಂದು ಬ್ರೇಕ್ ಇರುತ್ತಿತ್ತು. ಅದನ್ನು ಒತ್ತುವುದು ಸುಲಭ. ಒತ್ತದೆ ಇರುವುದನ್ನು ಕಲಿಯಲು ಅವರಿಗೆ ವರ್ಷಗಳೇ ಹಿಡಿದಿದ್ದವು. ಇಲ್ಲೂ ಸ್ಟೂಲಿನ ಮೇಲೆ ಕೂತ ಅವರ ಬಲಗಾಲು, ಪಾತ್ರೆ ಅಲುಗಿದಾಗಲೆಲ್ಲ ತಾನಾಗಿಯೇ ನೆಲ ಒತ್ತುತ್ತಿತ್ತು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಟೀಯನ್ನಂತೂ ಅವರು ಮುಟ್ಟಲಿಲ್ಲ. "ಒಂದು ನಿಯಮ ಮುರಿದಿದ್ದಾಗಿದೆ, ಇನ್ನೊಂದು ಬೇಡ," ಎನ್ನುತ್ತಿದ್ದರು. ಕ್ಯಾಂಟೀನಮ್ಮ ಬೈದುಕೊಳ್ಳುತ್ತ ಎರಡೂ ಲೋಟ ತಾವೇ ಖಾಲಿ ಮಾಡುತ್ತಿದ್ದರು.

ಟೀಯ ಘಮ ಎಷ್ಟು ದಿನ ಗುಟ್ಟಾಗಿ ಉಳಿದೀತು? ಮೆಟ್ಟಿಲು ಹತ್ತುತ್ತಿದ್ದ ಮಗನ ಮೂಗಿಗೆ ಬಡಿಯಿತು. ಅವನು ಸಂಸ್ಥೆಗೆ ದೂರು ಕೊಟ್ಟ. ಮರುವಾರ ಮೇಡಂ ಬಂದಾಗ ಅಡುಗೆಮನೆಯಲ್ಲಿ ಅವನೂ ಸಂಸ್ಥೆಯ ಮೇಲ್ವಿಚಾರಕಿಯೂ ಕಾದು ನಿಂತಿದ್ದರು.

"ಇವರು ಮಾತಾಡ್ಸೋಕೆ ಬಂದವರೋ, ಮನೆ ಸುಡೋಕೆ ಬಂದವರೋ?" ಮಗ ಸೂರಿನ ಕಡೆ ಕೈ ತೋರಿಸಿದ. "ಮೇಲೆ ನನ್ನ ಮಕ್ಕಳು ಮಲಗ್ತಾರೆ."

"ಮೇಡಂ, ನಿಮ್ಮ ಕೆಲಸ ಜೊತೆ ಕೊಡೋದು ಅಷ್ಟೇ," ಎಂದರು ಮೇಲ್ವಿಚಾರಕಿ. "ಹೀಗೆ ಮಾಡಿದ್ರೆ ಕಾರ್ಡ್ ವಾಪಸ್ ತಗೋಬೇಕಾಗತ್ತೆ. ಅವರ ಪರಿಸ್ಥಿತಿ ನೋಡಿದ್ರೆ..."

"ಅವರು ಇಲ್ಲೇ ಇದಾರೆ," ಎಂದರು ಕ್ಯಾಂಟೀನಮ್ಮ. "ಹೋಗಿರೋದು ಅರ್ಧ ಕಣ್ಣು, ಕಿವಿ ಅಲ್ಲ." ಎದ್ದು ಮಗನ ಕಡೆ ಪೂರ್ತಿ ತಿರುಗಿದರು. "ನಿನ್ನೆದುರಿಗೇ ಹಚ್ತೀನಿ. ತಪ್ಪಿದ್ರೆ ಒಲೆನೇ ಹೊತ್ಕೊಂಡು ಹೋಗು. ತಪ್ಪದಿದ್ರೆ ನನ್ನ ರೆಗ್ಯುಲೇಟರ್ ನನಗೆ ಕೊಡ್ಬೇಕು."

ಮಗ ಒಪ್ಪಿ ತಲೆಯಾಡಿಸಿದ. ಮೇಡಂ ಚೀಲದಿಂದ ರೆಗ್ಯುಲೇಟರ್ ತೆಗೆದು ಕೂರಿಸಿದರು. ಕ್ಯಾಂಟೀನಮ್ಮ ಪಾತ್ರೆಗೆ ನೀರು ಹಿಡಿಯಲು ನಲ್ಲಿಯ ಕಡೆ ತಿರುಗಿದಾಗ, ಮಗ ಸದ್ದಿಲ್ಲದೆ ಮಸಿಬಟ್ಟೆಯನ್ನು ಎತ್ತಿ ಬರ್ನರಿನ ಎಡಕ್ಕೆ ಒತ್ತಿ ಇಟ್ಟ.

ಮೇಡಂ ಅದನ್ನು ಕಂಡರು. ಬಲಗಾಲು ನೆಲವನ್ನು ತೂತು ಮಾಡುವಂತೆ ಒತ್ತಿತು. ಬಾಯಿ ಮಾತ್ರ ತೆರೆಯಲಿಲ್ಲ.

ಕ್ಯಾಂಟೀನಮ್ಮ ಪಾತ್ರೆ ಇಟ್ಟರು, ಕಡ್ಡಿ ತೆಗೆದರು. ಮೊದಲು ಬಲಕ್ಕೆ ಕತ್ತು ತಿರುಗಿಸಿದರು. ತೋಳು ಮಡಚಿಕೊಂಡರು. ಕಡ್ಡಿ ಬೆಂಕಿಪೆಟ್ಟಿಗೆಯ ಮೇಲೆ ಬಂದು ನಿಂತಿತು. ಆಮೇಲೆ ಎಡಕ್ಕೆ ತಿರುಗಿದರು, ನಿಧಾನವಾಗಿ, ಗೂಬೆಯಂತೆಯೇ.

ಮಸಿಬಟ್ಟೆಯನ್ನು ಎತ್ತಿ ಮಗನ ಎದೆಗೆ ಎಸೆದರು. "ತಗೋ, ಮುಖ ಒರೆಸ್ಕೋ. ಬೆವತಿದೀಯ."

ಒಲೆ ಹೊತ್ತಿತು. ಮಗ ಬಟ್ಟೆಯನ್ನು ಹಿಡಿದುಕೊಂಡೇ ಕೆಳಗೆ ಕುಕ್ಕರಿಸಿದ. "ನಾನು ಮನೇಲಿದ್ದಾಗ ಮಾತ್ರ..." ಎಂದ.

"ದಿನಾ. ಭಯ ಆದ್ರೆ ಬಂದು ಕೂತ್ಕೋ, ನಿನಗೂ ಒಂದು ಲೋಟ ಕೊಡ್ತೀನಿ."

ಅವನು ಎದ್ದು ಮೆಟ್ಟಿಲು ಹತ್ತಿದ. ಬೀರು ತೆರೆದ ಸದ್ದು ಕೆಳಗೂ ಕೇಳಿಸಿತು.

ನಾಲ್ಕು ಲೋಟಗಳು ಸಾಲಾಗಿ ಬಂದವು. ಮೇಡಂ ಮೇಲ್ವಿಚಾರಕಿಯನ್ನು ನೋಡಿದರು, ಲೋಟವನ್ನು ನೋಡಿದರು, ಕೊರಳಿನಿಂದ ಕಾರ್ಡು ತೆಗೆದು ಆಕೆಯ ಕೈಗಿಟ್ಟರು.

"ಹಾಗಾದ್ರೆ ಇನ್ನು ಮಂಗಳವಾರ ಇಲ್ಲಿಗೆ ಯಾರು ಬರ್ತಾರೆ?" ಎಂದರು ಮೇಲ್ವಿಚಾರಕಿ.

"ನಾನೇ. ಇವತ್ತಿಂದ ನಾನು ಈ ಮನೆಗೆ ಬರೋ ನೆಂಟಳು. ನೆಂಟರಿಗೆ ನಿಮ್ಮ ನಿಯಮ ಇಲ್ಲ."

ಲೋಟ ಎತ್ತಿ ಒಂದು ಗುಟುಕು ಕುಡಿದು ಮೇಡಂ ಹುಬ್ಬು ಗಂಟಿಕ್ಕಿದರು. "ಸಕ್ಕರೆ ಜಾಸ್ತಿ ಆಯ್ತು ಕಣ್ರೀ."

"ಇಷ್ಟು ದಿನ ಬರೀ ನಿಯಮ ನೆಕ್ಕಿದ ನಾಲಿಗೆ ಅದು," ಎಂದರು ಕ್ಯಾಂಟೀನಮ್ಮ. "ಸುಮ್ಮನೆ ಕುಡೀರಿ."