ಬೊನೊಲೊಗೆ ಬಾರದ ಮಾತು

ಛಾಯಾ ಚಹಾ ಕಪ್ಪಿನ ಚಿತ್ರ ಹಿಡಿದು, ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದಳು. ಕೆಫಿಲ್ವೆ ಚಿತ್ರ ನೋಡಲಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಲೊಚ್ಚೆನಿಸಿ, ಅದರ ಬೆನ್ನಿಗೇ ಏನೋ ಉಸುರಿ, ಛಾಯಾಳ ಮುಖವನ್ನೇ ನೋಡುತ್ತ ಉಳಿದರು.

ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಆ ರಿಹ್ಯಾಬ್ ಸೆಂಟರಿನಲ್ಲಿ ಛಾಯಾ ಸ್ಪೀಚ್ ಥೆರಪಿಸ್ಟ್. ಬೋಟ್ಸ್ವಾನಾದಿಂದ ಮಗಳ ಮನೆಗೆ ಬಂದು ನೆಲೆಸಿದ್ದ ಕೆಫಿಲ್ವೆಗೆ ಪಾರ್ಶ್ವವಾಯು ಹೊಡೆದು ಮೂರು ವಾರವಾಗಿತ್ತು. ಇಂಗ್ಲಿಷ್ ಹೋಗಿತ್ತು, ಮನೆಯಲ್ಲಾಡುತ್ತಿದ್ದ ಸೆಟ್ಸ್ವಾನಾ ಕೂಡ. ಉಳಿದದ್ದು ಈ ಶಬ್ದಗಳು. "ಇದು ನಮ್ಮ ಭಾಷೆ ಅಲ್ಲ," ಎಂದಿದ್ದಳು ಮಗಳು ಬೊನೊಲೊ. 'ಅರ್ಥವಿಲ್ಲದ ಶಬ್ದಗಳು' ಎಂದು ಛಾಯಾ ವರದಿ ಬರೆದಿದ್ದಳು. ಸುಧಾರಣೆಯ ಭರವಸೆ ಇಲ್ಲವೆಂದು ಥೆರಪಿ ಅಂದಿಗೇ ಪೂರ್ತಿ ನಿಲ್ಲಲಿತ್ತು.

ಪಕ್ಕದ ಹಾಸಿಗೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಗದಗಿನ ಕಮಲವ್ವ ಕರೆದರು.

"ಛಾಯಾ, ಆಕಿ ಬಡಬಡಸಾಕತ್ತಾಳಂತ ಬರದೀಯೇನವಾ?"

"ಹೌದು ಆಂಟಿ. ಸ್ಟ್ರೋಕ್ ಆದ್ಮೇಲೆ ಕೆಲವರಿಗೆ ಹಾಗಾಗುತ್ತೆ."

"ದಿನಾ ಅದನ್ನ ಹೇಳ್ತಾಳ. ಒಂದಕ್ಷರ ಹಿಂದ ಮುಂದ ಇಲ್ಲ. ಬಡಬಡಸೋರು ಹಂಗ ಹೇಳ್ತಾರೇನು? ಅದು ಮಾತದ. ನನಗ ತಿಳೀದು, ನಿನಗ ತಿಳೀದು, ಅಷ್ಟ."

ಛಾಯಾ ಬೊನೊಲೊಳ ಒಪ್ಪಿಗೆ ಪಡೆದು ಕೆಫಿಲ್ವೆಯ ಆ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ತಾಯಿಗೆ ಚಿಕ್ಕಂದಿನಲ್ಲಿ ಬೇರೆ ಭಾಷೆ ಏನಾದರೂ ಇತ್ತೇ? ಬೊನೊಲೊ ಮೊದಲು ಇಲ್ಲವೆಂದು ತಲೆಯಾಡಿಸಿದಳು, ಆಮೇಲೆ ಏನೋ ನೆನಪಿಸಿಕೊಂಡಳು.

"ಒಂದು ಸಾವಿನ ಮನೆಯಲ್ಲಿ ಅಮ್ಮ, ಚಿಕ್ಕಮ್ಮ ಏನೋ ಮಾತಾಡ್ತಿದ್ರು. ನಾನು ಒಳಗೆ ಹೋದ ತಕ್ಷಣ ಸೆಟ್ಸ್ವಾನಾಗೆ ಬದಲಾಯಿಸಿದ್ರು. ಶಿಯೆಯಿ ಅಂತ ಒಂದು ಭಾಷೆ ಇದೆ, ಅಮ್ಮನ ಊರಿನ ಕಡೆ. ಅದನ್ನ ಆಡಿದ್ರೆ ಶಾಲೆಯಲ್ಲಿ ನಗ್ತಿದ್ರಂತೆ. ನಮ್ಮ ಕಿವಿಗೆ ಬೀಳೋದೇ ಬೇಡ ಅಂದುಕೊಂಡಿರಬೇಕು."

ಚಿಕ್ಕಮ್ಮನ ಹಳ್ಳಿಯಲ್ಲಿ ಫೋನ್ ಸಿಗುವುದು ಕಷ್ಟ. ರೆಕಾರ್ಡಿಂಗ್ ಕೇಳಿಸಲು ಶನಿವಾರಕ್ಕೆ ಕರೆ ನಿಗದಿಯಾಯಿತು. ಶುಕ್ರವಾರ ಮಧ್ಯಾಹ್ನ ಎರಡನೇ ಸ್ಟ್ರೋಕ್ ಆಗಿ ಕೆಫಿಲ್ವೆ ತೀರಿಕೊಂಡರು. ಛಾಯಾ ಫೈಲು ತೆರೆದು ನೋಡಿದಳು. ಅವಳು ಬರೆದದ್ದು ಹಾಗೆಯೇ ಇತ್ತು.

ಅಂತ್ಯಕ್ರಿಯೆಯಾಗಿ ನಾಲ್ಕು ದಿನಕ್ಕೆ ಬೊನೊಲೊ ಛಾಯಾಳನ್ನು ಮನೆಗೆ ಕರೆದಳು. ಅಡುಗೆಮನೆಯ ಮೇಜಿನ ಮೇಲೆ ಸ್ಪೀಕರ್ ಹಾಕಿದ್ದ ಫೋನು. ಆಚೆ, ಅಕ್ಕ ಹೋದ ಸುದ್ದಿ ತಿಳಿದಿದ್ದ ಚಿಕ್ಕಮ್ಮ. ಛಾಯಾ ತನ್ನ ಫೋನನ್ನು ಹತ್ತಿರ ಹಿಡಿದು ರೆಕಾರ್ಡಿಂಗ್ ಹಾಕಿದಳು. ನಾಲಿಗೆಯ ಆ ಸದ್ದು ಅಡುಗೆಮನೆಯನ್ನು ತುಂಬಿತು. ಬೊನೊಲೊ ಮೇಜಿನ ಅಂಚು ಹಿಡಿದುಕೊಂಡಳು.

ಆಚೆಯಿಂದ ಅಂಥದ್ದೇ ಸದ್ದಿನ ಒಂದು ಚಿಕ್ಕ ಮಾತು ಬಂತು.

ಬೊನೊಲೊ ಸೆಟ್ಸ್ವಾನಾದಲ್ಲಿ ಏನೋ ಕೇಳಿದಳು. ಉತ್ತರ ಕೇಳಿಸಿಕೊಂಡು ಛಾಯಾಳ ಕಡೆ ತಿರುಗಿದಳು.

"'ಬಾಗಿಲಲ್ಲಿ ನಿಂತಿದ್ದೀನಿ, ಒಳಗೆ ಯಾರಾದರೂ ಇದ್ದೀರಾ?' ಅಂತ ಅಮ್ಮ ಕೇಳಿದ್ದು."

"ಚಿಕ್ಕಮ್ಮ ಏನಂದ್ರು?"

"'ಇದ್ದೀನಿ, ತಾಳು' ಅಂದ್ರು."

ಮತ್ತೆ ಹಾಕು ಎಂದಿತು ಆಚೆಯ ದನಿ; ಬೊನೊಲೊ ಅದನ್ನು ತಿಳಿಸಿದಳು. ಛಾಯಾ ಹಾಕಿದಳು. ಈ ಸಲ ಆಚೆ ಚಿಕ್ಕಮ್ಮ ಎದ್ದರು. ಫೋನನ್ನು ಎಲ್ಲೋ ಇಟ್ಟ ಸದ್ದು, ದೂರವಾಗುತ್ತ ಹೋದ ನಿಧಾನದ ಹೆಜ್ಜೆಗಳು. ಅಗುಳಿ ಸರಿಯಿತು. ಕದ ತೆರೆದುಕೊಂಡು ಆ ಊರಿನ ಗಾಳಿ ಸ್ಪೀಕರಿನಲ್ಲಿ ಭೋರೆಂದಿತು. ಕದ ಮತ್ತೆ ಮುಚ್ಚುವ ಸದ್ದು ಅವರಿಬ್ಬರಿಗೂ ಕೇಳಿಸಲಿಲ್ಲ.