ಐದು ಚಿಟ್ಟೆಗಳು

ಕರ್ಪೂರದ ವಾಸನೆ ಬಂದರೆ ನನಗೆ ಇಂದಿಗೂ ಅಮ್ಮನ ಮರದ ಪೆಟ್ಟಿಗೆಯೇ ನೆನಪಾಗುತ್ತದೆ. ಅದರ ತಳದಲ್ಲಿ, ಕಾಗದದಲ್ಲಿ ಸುತ್ತಿಟ್ಟ ಕಪ್ಪು ಬಣ್ಣದ ಮದುವೆಯ ಕಿಮೋನೊ ಇರುತ್ತಿತ್ತು. ಬೆನ್ನಿಗೊಂದು, ತೋಳುಗಳಿಗೆರಡು, ಎದೆಗೆರಡು, ಹೀಗೆ ಐದು ಬಿಳಿ ಚಿಟ್ಟೆಗಳು. ನಮ್ಮ ಒಸಾಕಾ ಕಡೆ ಬಟ್ಟೆಯ ಮೇಲಿನ ಇಂಥ ಮುದ್ರೆ ಹೆಂಗಸರಲ್ಲಿ ತಾಯಿಯಿಂದ ಮಗಳಿಗೆ ಹೋಗುತ್ತದೆ. ಗಂಡನ ಮನೆತನ ಯಾವುದೇ ಇರಲಿ, ಮುದ್ರೆ ಬದಲಾಗುವುದಿಲ್ಲ. ಆ ಕಿಮೋನೊವನ್ನು ಅಮ್ಮ ಉಟ್ಟಳು, ನಾನು ಉಟ್ಟೆ, ನನ್ನ ಮಗಳು ಉಟ್ಟಳು. ಮಗಳು ಈಗಿಲ್ಲ. ಮೊಮ್ಮಗಳು ಮಿನೊರಿಗೆ ತಾಯಿಯದೆಂದು ಉಳಿದಿದ್ದು ಅದೊಂದೇ.

ಮಿನೊರಿಯ ಮದುವೆಯ ಬೆಳಿಗ್ಗೆ ಕಾಗದ ಬಿಚ್ಚಿದೆ. ಚಿಟ್ಟೆಗಳಿರಲಿಲ್ಲ. ಐದು ಕಡೆಯೂ ಅಡ್ಡಡ್ಡ ಇಟ್ಟ ಎರಡು ಗಿಡುಗನ ಗರಿ. ವರನ ಮನೆತನದ ಮುದ್ರೆ. ಇಸ್ತ್ರಿ ಮಾಡಿಸಿ ತರುತ್ತೇನೆಂದು ಟೋಕಿಯೊಗೆ ಒಯ್ದಿದ್ದ ವರನ ತಾಯಿ ಹಿಸಾಕೊ, ನಮ್ಮನ್ನೊಂದು ಮಾತು ಕೇಳದೆ, ಚಿಟ್ಟೆಗಳ ಮೇಲೆ ರೇಷ್ಮೆಯ ತುಂಡುಗಳನ್ನು ಹೊಲಿಸಿಬಿಟ್ಟಿದ್ದರು.

ಎಪ್ಪತ್ತೆಂಟು ವರ್ಷದಲ್ಲಿ ನಾನು ಯಾರ ಮೇಲೂ ದನಿ ಎತ್ತಿದವಳಲ್ಲ. ಅಂದು ಎತ್ತಿದೆ. ಕರೆಸಿ ಕೇಳಿದರೆ, ತಮ್ಮ ಕಡೆ ಸೊಸೆ ಗಂಡನ ಮನೆಯ ಮುದ್ರೆಯನ್ನೇ ತೊಡುವುದು ಎಂದರು. ತಮ್ಮ ಮುದ್ರೆಯಿಲ್ಲದೆ ಬರೀ ಚಿಟ್ಟೆ ನೋಡಿದರೆ ನೆಂಟರು ಬಾಡಿಗೆ ಬಟ್ಟೆ ಅಂದುಕೊಳ್ಳುತ್ತಾರಂತೆ.

"ಬೀಗಿತ್ತಿಯವರೇ, ಹುಡುಗಿ ನಿಮ್ಮನೆಗೆ ಬರ್ತಾಳೆ, ಸರಿ. ಅವಳ ತಾಯೀನ ಅಳಿಸಿ ಕರ್ಕೊಂಡು ಹೋಗಿ ಅಂತ ಯಾರು ಹೇಳಿದ್ದು?"

ನಾನು ಕತ್ತರಿ ತೆಗೆದುಕೊಂಡೆ. ಸಂಬಂಧ ಕಡಿದೀತೆಂದು ಮದುವೆಯ ದಿನ ‘ಕತ್ತರಿಸು’ ಎಂಬ ಮಾತನ್ನೂ ಯಾರೂ ಆಡುವುದಿಲ್ಲ. ಹಿಸಾಕೊ ಅದನ್ನೇ ಹಿಡಿದರು.

"ಇವತ್ತು ಕತ್ತರಿ ಮುಟ್ತೀರಾ? ಹಿರಿಯೋರು ನೀವು."

"ಮುಟ್ತೀನಿ. ನೀವು ಸೂಜಿ ಮುಟ್ಟಿದ್ದಕ್ಕೆ."

ಮುಖಕ್ಕೆ ಮದುವಣಗಿತ್ತಿಯ ಬಿಳಿ ಬಣ್ಣವನ್ನು ಅರ್ಧ ಬಳಿದುಕೊಂಡು ಕೂತಿದ್ದ ಮಿನೊರಿ ತಿರುಗಲಿಲ್ಲ. "ಬಿಚ್ಚಿ ಅಜ್ಜಿ. ಚಿಟ್ಟೆ ಇಲ್ದೆ ನಾನು ಇಲ್ಲಿಂದ ಏಳಲ್ಲ."

ಹಿಸಾಕೊ ಬಾಗಿಲು ಸರಿಸಿ ಹೊರಟುಹೋದರು. ಉಡಿಸಲು ಬಂದಿದ್ದ ಹೆಂಗಸು ದೀಪವನ್ನು ನನ್ನ ಹತ್ತಿರ ತಂದಿಟ್ಟಳು. ಒಂದೊಂದೇ ಹೊಲಿಗೆ ಬಿಚ್ಚಿದೆ. ಹಳೆಯ ರೇಷ್ಮೆ, ಸೂಜಿ ಚುಚ್ಚಿದ ತೂತುಗಳು ಹಾಗೇ ಉಳಿದವು. ಅವನ್ನು ನೋಡಿದಷ್ಟೂ ಸಿಟ್ಟು ಏರುತ್ತಿತ್ತು.

ಮಿನೊರಿ ಐದು ಚಿಟ್ಟೆಗಳನ್ನು ಹೊತ್ತೇ ದೇವರ ಮುಂದೆ ನಿಂತಳು. ಶಾಸ್ತ್ರ ಮುಗಿದು ಎಲ್ಲರೂ ಊಟಕ್ಕೆ ಹೋದರು. ಅವರೊಡನೆ ಕೂರಲು ಮನಸ್ಸಾಗದೆ ನಾನು ಕೋಣೆಯಲ್ಲೇ ಉಳಿದೆ. ನನ್ನ ಸಿಟ್ಟು ಇಳಿದಿರಲಿಲ್ಲ.

ಬಾಗಿಲು ಸರಿಯಿತು. ಹಿಸಾಕೊ. ಅವರ ಮುಖವೂ ಬಿಗಿದೇ ಇತ್ತು. ಎದುರಿಗೆ ಮಂಡಿಯೂರಿ, ಕೆಂಪು ಕಾಳಿನ ಅನ್ನ, ಸುಟ್ಟ ಮೀನು ಇದ್ದ ಡಬ್ಬಿಯನ್ನು ನನ್ನತ್ತ ಸರಿಸಿದರು. ಹೊಲಿಗೆ ಬಿಚ್ಚಿ ಮರಗಟ್ಟಿದ್ದ ನನ್ನ ಬೆರಳುಗಳನ್ನು ಕಂಡು, ಊಟದ ಕಡ್ಡಿಗಳನ್ನು ಕಾಗದದಿಂದ ತೆಗೆದು, ಕೈಗೆ ಕೊಟ್ಟರು.