ಕರ್ಪೂರ ನುಂಗಿದ ಫ್ಯಾನು

ನಾನು ಒಂದು ಕಬ್ಬಿಣದ ಊದುಫ್ಯಾನು. ಹುಬ್ಬಳ್ಳಿಯ ಎರಕದ ಮನೆಯಲ್ಲಿ ಕೆಂಪಗೆ ಕುದಿಯುತ್ತಿದ್ದಾಗಲೇ ಬೆಂಕಿಯ ಭಯ ನನಗೆ ಅಂಟಿತೆಂದು ಕಾಣುತ್ತದೆ. ಮೊದಲು ಅಕ್ಕಿ ಗಿರಣಿಯೊಂದರಲ್ಲಿ ಹೊಟ್ಟು ಊದುತ್ತಿದ್ದೆ. ಗಿರಣಿ ಮುಚ್ಚಿತು. ಗುಜರಿ ರಾಶಿಯಲ್ಲಿ ಮಗುಚಿ ಬಿದ್ದು, ಸುತ್ತಿಗೆಯ ಪ್ರತಿ ಸದ್ದಿಗೂ ನಡುಗುತ್ತಿದ್ದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವಳು ಧಾರವಾಡದ ಕಾಳಮ್ಮ ಬಡಿಗೇರ. ಅವಳೂ ಅವಳಪ್ಪ ಮೌನಪ್ಪನೂ ಬಾಗಿಲು, ಮಂಚ ಮಾಡುವವರು. ಮರದ ಪುಡಿ ಮೌನಪ್ಪನ ಎದೆಯಲ್ಲೇ ಮನೆ ಮಾಡಿತ್ತು. ಮಾತಿಗೆ ಮೊದಲು ಉಸಿರು ಸಿಳ್ಳೆ ಹಾಕುತ್ತಿತ್ತು.

ಪುಡಿ ಎಳೆದೊಯ್ಯುವ ಕೊಳವೆಗಳಿಗೆಂದು ಕಾಳಮ್ಮ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು. ಗರಗಸಕ್ಕೊಂದು ಬಾಯಿ, ಮರ ಹೆರೆಯುವ ರಂದಾ ಯಂತ್ರಕ್ಕೊಂದು ಬಾಯಿ. ತಿರುವು ಹೆಚ್ಚಾದರೆ ನನ್ನ ಎಳೆತ ಸೋಲುತ್ತದೆಂದು ಒಂದೆರಡನ್ನು ಅಳಿಸಿದಳು. ಮೊಳೆಗಿಳೆ ಬಂದರೆ ಬಿದ್ದುಹೋಗಲೆಂದು ನನಗಿಂತ ಮುಂಚೆ ಒಂದು ಡ್ರಮ್ಮು. ನನ್ನ ಹಿಂದೆ ಪುಡಿ ತುಂಬುವ ಬಟ್ಟೆಯ ಚೀಲ. ಗೋಡೆ ಒಡೆಯುವ ರಗಳೆ ಬೇಡವೆಂದು ಚೀಲವನ್ನು ಒಳಗೇ ತೂಗುಹಾಕಿದಳು.

"ಬಡಿಗ್ಯಾರ ಮನ್ಯಾಗ ಪುಡಿಗೆ ಅಂಜತಾರೇನವ್ವಾ? ಈ ಸೊಂಡಿಲಿನ ಆನಿ ಕಟಗೊಂಡು ಜಂಬೂಸವಾರಿ ಹೊಂಟೀಯೇನ?" ಮೌನಪ್ಪನ ನಗು ಅರ್ಧಕ್ಕೇ ಕೆಮ್ಮಾಯಿತು.

"ರಾತ್ರಿ ಉಸರ ಸಿಗದ ಗ್ವಾಡಿಗೆ ಆತು ಕುಂತ ನಿದ್ದಿ ಮಾಡ್ತಿ. ನನಗ ಕಾಣೂದಿಲ್ಲೇನ್ ಯಪ್ಪಾ? ನೀ ಮಲಗಿದ್ದು ನೋಡಬೇಕು ನಾ."

ಊದುವುದಕ್ಕೆ ಹುಟ್ಟಿದ ನಾನು ನುಂಗುವುದನ್ನೂ ಕಲಿತೆ. ಒಂದೊಂದು ತುತ್ತಿಗೂ ದಿಗಿಲು: ಮೊಳೆಯೊಂದು ತಪ್ಪಿ ಬಂದು ರೆಕ್ಕೆಗೆ ತಾಗಿ ಕಿಡಿ ಹಾರಿದರೆ? ಆದರೆ ಆ ಮಳೆಗಾಲ ಮುಗಿಯುವುದರೊಳಗೆ ಮೌನಪ್ಪ ಕಾಲು ಚಾಚಿ ಮಲಗತೊಡಗಿದ.

ದಸರೆ ಬಂತು, ಹತಾರಗಳಿಗೆಲ್ಲ ಖಂಡೇಪೂಜೆ. ಅಂದು ನಕ್ಕಿದ್ದ ಮೌನಪ್ಪನೇ ನನಗೆ ಕುಂಕುಮವಿಟ್ಟ. ಕರ್ಪೂರ ಹಚ್ಚಿದ ತಟ್ಟೆಯನ್ನು ಭಕ್ತಿಯಿಂದ ಕೊಳವೆಯ ಬಾಯಿಗೇ ಹಿಡಿದ.

"ಚಾಲೂ ಮಾಡವ್ವಾ, ಛಲೋ ಗಳಿಗಿ ಐತಿ."

ಬೇಡ, ಬೇಡ ಎಂದು ಒಳಗೇ ಕಿರುಚಿದೆ. ಕಾಳಮ್ಮ ಗುಂಡಿ ಒತ್ತಿದಳು. ಉರಿಯುವ ಕರ್ಪೂರ ನನ್ನೊಳಗೆ ಹಾರಿ ಬಂತು. ಅದು ಮೊಳೆಯಲ್ಲ, ಹಗುರ, ಡ್ರಮ್ಮಿನಲ್ಲಿ ನಿಲ್ಲಲಿಲ್ಲ. ನನ್ನ ರೆಕ್ಕೆಗಳೇ ಅದನ್ನು ಚೀಲಕ್ಕೆ ಎಸೆದವು. ತೇಗದ ಒಣ ಪುಡಿ ಭಗ್ಗೆಂದಿತು.

ಕಾಳಮ್ಮ ನೀರಿಗೆ ಓಡಿದಳು. ನಾನು ತಿರುಗುತ್ತಲೇ ಇದ್ದೆ. ಕಥೆಯ ರಕ್ಕಸನ ಜೀವ ಎಲ್ಲೋ ಗಿಳಿಯೊಳಗಿರುವ ಹಾಗೆ ನನ್ನ ಜೀವ ಗೋಡೆಯ ಆ ಗುಂಡಿಯಲ್ಲಿತ್ತು. ನಾನೇ ಊದಿ ಊದಿ ಬೆಂಕಿಯನ್ನು ಬೆಳೆಸುತ್ತಿದ್ದೆ. ಹೊಗೆಯೊಳಗಿಂದ ಸಿಳ್ಳೆ ಹಾಕುವ ಉಸಿರೊಂದು ತಡವರಿಸುತ್ತ ಬಂತು. ಉರಿಯುವ ಚೀಲದ ಪಕ್ಕದಿಂದಲೇ ಕೈ ಚಾಚಿ ಮೌನಪ್ಪ ಗುಂಡಿ ಆರಿಸಿದ. ಒದ್ದೆ ಗೋಣಿಗಳು ನನ್ನ ಮೇಲೆ ಬಿದ್ದವು.

"ಕಿತ್ತು ಒಗೀತೀನಿ ಇದನ್ನ," ಎಂದು ಕಾಳಮ್ಮ ಅತ್ತಳು.

"ಅದೇನ್ ಮಾಡೀತ? ಬೆಂಕಿ ಉಣಿಸಿದಾಂವ ನಾ," ಎಂದ ಮೌನಪ್ಪ. ಸುಟ್ಟ ಕೈ ಮಾಯುವ ಮುಂಚೆಯೇ ಉಳಿಯಿಂದ ಗೋಡೆ ಒಡೆದು, ನನ್ನನ್ನೂ ಹೊಸ ಚೀಲವನ್ನೂ ಹೊರಗಿನ ತಗಡಿನ ನೆರಳಿಗೆ ದಾಟಿಸಿದ.

ಈಗ ಮುಪ್ಪು. ರೆಕ್ಕೆ ಸವೆದಿವೆ, ಬೇರಿಂಗು ನರಳುತ್ತದೆ. ಮಧ್ಯಾಹ್ನ ಯಂತ್ರಗಳು ನಿಂತಾಗ ಒಳಗಿನ ಸದ್ದೆಲ್ಲ ಕೊಳವೆಯಲ್ಲಿ ಹರಿದು ಬರುತ್ತದೆ. ಹಣ್ಣಾದ ಮೌನಪ್ಪ ಹಲಗೆಯ ಮೇಲೆ ಅಂಗಾತ ಮಲಗಿರುತ್ತಾನೆ. ಉಸಿರು ಬರುತ್ತದೆ, ಹೋಗುತ್ತದೆ. ಬೆಂಕಿಯ ಭಯ ಈಗ ಅಷ್ಟಿಲ್ಲ. ಮುಂದಿನ ಉಸಿರು ತುಸು ತಡವಾದರೆ ಸಾಕು, ನನ್ನ ಕಬ್ಬಿಣವೆಲ್ಲ ತಣ್ಣಗಾಗುತ್ತದೆ. ಕಿವಿಯಾಗಿ ಕಾಯುತ್ತೇನೆ.

ಬಂತು. ಇಗೋ, ಬಂತು.